ಲಿನಕ್ಸ್‌ನಲ್ಲಿ ವಿಂಡೋಸ್ ಡಿಸ್ಕ್: ಎನ್‌ಟಿಎಫ್‌ಎಸ್-3ಜಿ ಬಗ್ಗೆ ದೀರ್ಘಕಾಲದ ಬಳಕೆದಾರನ ವಿಮರ್ಶೆ

ಚಾಮರಾಜಪೇಟೆಯ ನಮ್ಮ ಪುಟವಿನ್ಯಾಸದ ಕಚೇರಿಗೆ ಲೇಖಕರು, ಕರಡು ತಿದ್ದುವವರು ಮತ್ತು ಮುದ್ರಣಾಲಯದವರು ತರುವ ಹಾರ್ಡ್ ಡಿಸ್ಕ್‌ಗಳಲ್ಲಿ ಹೆಚ್ಚಿನವು ವಿಂಡೋಸ್ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಮಾದರಿಯಲ್ಲಿರುತ್ತವೆ. ನುಡಿ ತಂತ್ರಾಂಶ ಮತ್ತು ಹಳೆಯ ಪೇಜ್‌ಮೇಕರ್ ಕಡತಗಳಿಂದಾಗಿ ಕನ್ನಡದ ಡಿಟಿಪಿ ಕೆಲಸ ವಿಂಡೋಸನ್ನು ಇನ್ನೂ ಪೂರ್ತಿಯಾಗಿ ಬಿಟ್ಟಿಲ್ಲ. ಆದರೆ ಕಡತಗಳ ಸಂಗ್ರಹ, ಬ್ಯಾಕಪ್, ಚಿತ್ರಗಳ ಸಂಸ್ಕರಣೆ ಇವೆಲ್ಲ ನಮ್ಮಲ್ಲಿ ಲಿನಕ್ಸ್‌ನ ಒಂದು ರೂಪವಾದ ಉಬುಂಟು ಇರುವ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಈ ಎರಡರ ನಡುವೆ ದಿನವೂ ದುಡಿಯುವ ಚಾಲಕ ತಂತ್ರಾಂಶ ಎನ್‌ಟಿಎಫ್‌ಎಸ್-3ಜಿ. ಹಲವು ವರ್ಷಗಳ ಬಳಕೆಯ ನಂತರ ನನ್ನ ಅಭಿಪ್ರಾಯ ಇಷ್ಟು: ಇದು ವೇಗದಲ್ಲಿ ಹಿಂದೆ, ನಂಬಿಕೆಯಲ್ಲಿ ಮುಂದೆ. ಆದರೆ ಆ ನಂಬಿಕೆ ಉಳಿಯಬೇಕಾದರೆ ಅದರ ಕೆಲವು ಆಯ್ಕೆಗಳನ್ನು ನಾವೇ ತಿಳಿದು ಹೊಂದಿಸಿಕೊಳ್ಳಬೇಕು.

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿದ್ದ ಹಳೆಯ ಎನ್‌ಟಿಎಫ್‌ಎಸ್ ಚಾಲಕದಿಂದ ಓದಲು ಸಾಧ್ಯವಿತ್ತೇ ಹೊರತು ಬರೆಯುವ ಸೌಲಭ್ಯ ತೀರ ಸೀಮಿತವಾಗಿತ್ತು. 2007ರ ಫೆಬ್ರವರಿಯಲ್ಲಿ ಎನ್‌ಟಿಎಫ್‌ಎಸ್-3ಜಿಯ ಮೊದಲ ಸ್ಥಿರ ಆವೃತ್ತಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಇದು ಕರ್ನಲ್‌ನ ಒಳಗೆ ಕೂರದೆ, ಫ್ಯೂಸ್ ಎಂಬ ವ್ಯವಸ್ಥೆಯ ಮೂಲಕ ಸಾಮಾನ್ಯ ಪ್ರೋಗ್ರಾಮಿನಂತೆ ಹೊರಗಿನಿಂದ ಕೆಲಸ ಮಾಡುತ್ತದೆ. ಹೀಗಾಗಿ ಇದು ಕುಸಿದು ಬಿದ್ದರೂ ಇಡೀ ಯಂತ್ರ ನಿಲ್ಲುವುದಿಲ್ಲ. ಆದರೆ ಪ್ರತಿ ಓದು, ಪ್ರತಿ ಬರಹಕ್ಕೂ ಕರ್ನಲ್ ಮತ್ತು ಪ್ರೋಗ್ರಾಮಿನ ನಡುವೆ ಓಡಾಟ ನಡೆಯಬೇಕಾದ್ದರಿಂದ ಪ್ರೊಸೆಸರಿನ ಮೇಲೆ ಹೊರೆ ಬೀಳುತ್ತದೆ. ಸ್ಕ್ಯಾನ್ ಮಾಡಿದ ಪುಟಗಳ ದೊಡ್ಡ ಫೋಲ್ಡರ್ ನಕಲಾಗುವಾಗ, ಪ್ರೊಸೆಸರನ್ನು ಯಾವ ಪ್ರೋಗ್ರಾಮ್ ಎಷ್ಟು ಬಳಸುತ್ತಿದೆ ಎಂದು ತೋರಿಸುವ ಟಾಪ್ ಆದೇಶ ಕೊಟ್ಟು ನೋಡಿದರೆ, ಪಟ್ಟಿಯ ಮೇಲ್ತುದಿಯಲ್ಲಿ ಈ ಚಾಲಕದ ಹೆಸರೇ ಇರುತ್ತದೆ. ಬರಹವನ್ನು 4 ಕೆಬಿ ತುಂಡುಗಳಾಗಿ ಒಡೆಯದಂತೆ ತಡೆಯುವ ‘ಬಿಗ್_ರೈಟ್ಸ್’ ಆಯ್ಕೆಯನ್ನು ಕೊಟ್ಟರೆ ದೊಡ್ಡ ಕಡತಗಳ ಮಟ್ಟಿಗೆ ಈ ಹೊರೆ ತಗ್ಗುತ್ತದೆ. ಸಣ್ಣ ಕಡತಗಳು ಸಾವಿರಾರು ಇದ್ದಾಗ ಮಾತ್ರ ತಾಳ್ಮೆಯಿಂದ ಕಾಯದೆ ಬೇರೆ ದಾರಿಯಿಲ್ಲ.

“ಸಾರ್, ಡಿಸ್ಕ್ ಓಪನ್ ಆಗುತ್ತೆ, ಸೇವ್ ಆಗಲ್ಲ” ಎಂಬುದು ನಮ್ಮ ಕಚೇರಿಯಲ್ಲಿ ಅತಿ ಹೆಚ್ಚು ಕೇಳಿಬರುವ ದೂರು. ಇದಕ್ಕೆ ಕಾರಣ ಸಾಮಾನ್ಯವಾಗಿ ಡಿಸ್ಕ್ ಕೆಟ್ಟಿರುವುದಲ್ಲ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದ್ದು, ಅದು ಚಾಲ್ತಿಯಲ್ಲಿದ್ದರೆ ‘ಶಟ್ ಡೌನ್’ ಒತ್ತಿದರೂ ವಿಂಡೋಸ್ ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಹೊಸದಾಗಿ ಏನನ್ನಾದರೂ ಬರೆದರೆ, ಮತ್ತೆ ಎದ್ದ ವಿಂಡೋಸ್ ತನ್ನ ನೆನಪಿನಲ್ಲಿರುವ ಹಳೆಯ ವಿವರವನ್ನೇ ನಂಬಿ ಕಡತ ವ್ಯವಸ್ಥೆಯನ್ನು ಹಾಳುಮಾಡಬಹುದು. ಎನ್‌ಟಿಎಫ್‌ಎಸ್-3ಜಿ ಇದನ್ನು ಗುರುತಿಸಿ ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಇಲ್ಲವೇ ಮೌಂಟ್ ಮಾಡಲು, ಅಂದರೆ ಬಳಕೆಗೆ ಜೋಡಿಸಿಕೊಳ್ಳಲು, ನಿರಾಕರಿಸುತ್ತದೆ. ಈ ನಿರಾಕರಣೆಯನ್ನು ದೋಷವೆಂದು ಬೈಯುವವರು ಅನೇಕರಿದ್ದಾರೆ. ನನ್ನ ಮಟ್ಟಿಗೆ ಈ ತಂತ್ರಾಂಶದ ಅತಿ ದೊಡ್ಡ ಗುಣವೇ ಇದು. ‘ರಿಮೂವ್_ಹೈಬರ್‌ಫೈಲ್’ ಆಯ್ಕೆಯಿಂದ ಆ ತಡೆಯನ್ನು ತೆಗೆದುಹಾಕಬಹುದಾದರೂ, ವಿಂಡೋಸ್‌ನಲ್ಲಿ ಉಳಿಸದೆ ಬಿಟ್ಟಿದ್ದ ಕೆಲಸ ಅದರೊಂದಿಗೆ ಅಳಿಸಿಹೋಗುತ್ತದೆ. ವಿಂಡೋಸನ್ನು ರೀಸ್ಟಾರ್ಟ್ ಮಾಡಿ, ಫಾಸ್ಟ್ ಸ್ಟಾರ್ಟಪ್ ನಿಷ್ಕ್ರಿಯಗೊಳಿಸಿ, ನಂತರ ಮುಚ್ಚುವುದೇ ಸರಿಯಾದ ಮಾರ್ಗ.

ಆದರೆ ಎಲ್ಲ ಸಂದರ್ಭದಲ್ಲೂ ಇದು ಇಷ್ಟೇ ಎಚ್ಚರ ವಹಿಸುತ್ತದೆ ಎಂದು ತಿಳಿಯಬಾರದು. ಮಳೆಗಾಲದಲ್ಲಿ ಕರೆಂಟ್ ಹೋಗಿ ವಿಂಡೋಸ್ ಯಂತ್ರ ಏಕಾಏಕಿ ನಿಂತಾಗ, ಅಥವಾ ಯಾರೋ ಅವಸರದಲ್ಲಿ ಕೇಬಲ್ ಕಿತ್ತಾಗ, ಅರ್ಧಕ್ಕೆ ನಿಂತ ಬದಲಾವಣೆಗಳ ದಾಖಲೆ ಎನ್‌ಟಿಎಫ್‌ಎಸ್‌ನ ಜರ್ನಲ್‌ನಲ್ಲಿ ಉಳಿದಿರುತ್ತದೆ. ಎನ್‌ಟಿಎಫ್‌ಎಸ್-3ಜಿ ಆ ದಾಖಲೆಯನ್ನು ಓದಿ ಕೆಲಸ ಪೂರ್ಣಗೊಳಿಸುವುದಿಲ್ಲ; ಪೂರ್ವನಿಯೋಜಿತವಾಗಿ ಅದನ್ನು ಖಾಲಿ ಮಾಡಿ ಮುಂದುವರಿಯುತ್ತದೆ. ಆದ್ದರಿಂದ ಬೇರೆಯವರ ಡಿಸ್ಕ್‌ಗಳಿಗೆ ನಾನು ‘ನೋರಿಕವರ್’ ಆಯ್ಕೆಯನ್ನು ಕಡ್ಡಾಯವಾಗಿ ಕೊಡುತ್ತೇನೆ. ಆಗ ಅಂಥ ಡಿಸ್ಕ್ ಮೌಂಟ್ ಆಗುವುದಿಲ್ಲ. ಮೊದಲು ವಿಂಡೋಸ್‌ಗೆ ಹಾಕಿ ಸರಿಪಡಿಸಿಕೊಂಡು ಬರಬೇಕಾಗುತ್ತದೆ. ಲೇಖಕರೊಬ್ಬರ ಇಡೀ ಹಸ್ತಪ್ರತಿ ಅದರಲ್ಲಿರುವಾಗ ಹತ್ತು ನಿಮಿಷದ ತೊಂದರೆ ದೊಡ್ಡದಲ್ಲ.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಕಡತದ ಹೆಸರಿನದು. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಮಿತಿ ಯುಟಿಎಫ್-16 ಎಂಬ ಅಕ್ಷರ ಸಂಕೇತ ಪದ್ಧತಿಯ 255 ಘಟಕಗಳು. ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಎಕ್ಸ್ಟ್4ನಲ್ಲಿ ಮಿತಿ 255 ಬೈಟ್‌ಗಳು. ಅಲ್ಲಿ ಬಳಕೆಯಾಗುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಲಕ್ಷ್ಮೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಅದು 7 ಸಂಕೇತ, ಎಕ್ಸ್ಟ್4ಗೆ 21 ಬೈಟ್. ಅಂದರೆ ಒಟ್ಟು 85 ಸಂಕೇತಗಳಷ್ಟೇ ಹಿಡಿಯುತ್ತವೆ, ಒತ್ತಕ್ಷರಗಳಿದ್ದರೆ ಕಣ್ಣಿಗೆ ಕಾಣುವ ಅಕ್ಷರಗಳು ಇನ್ನೂ ಕಡಿಮೆ. ಅಧ್ಯಾಯದ ಶೀರ್ಷಿಕೆಯನ್ನು ಪೂರ್ತಿಯಾಗಿ ಕಡತದ ಹೆಸರಾಗಿಡುವ ಸಂಶೋಧಕರ ಡಿಸ್ಕಿನಲ್ಲಿ ಇಂಥ ಹೆಸರುಗಳು ಸರಿಯಾಗಿಯೇ ತೆರೆದುಕೊಳ್ಳುತ್ತವೆ. ನಮ್ಮ ಡಿಸ್ಕಿಗೆ ನಕಲು ಮಾಡಲು ಹೋದಾಗ ಮಾತ್ರ ಹೆಸರು ತೀರ ಉದ್ದವಾಯಿತೆಂಬ ದೋಷ ಬರುತ್ತದೆ. ತಪ್ಪು ಎನ್‌ಟಿಎಫ್‌ಎಸ್-3ಜಿಯದಲ್ಲ, ಆದರೆ ಬ್ಯಾಕಪ್ ಮುಗಿಯಿತೆಂದು ನಂಬುವ ಮುನ್ನ ದೋಷಗಳ ಪಟ್ಟಿಯನ್ನು ಓದಲೇಬೇಕು. ಇದಕ್ಕೆ ವಿರುದ್ಧ ದಿಕ್ಕಿನ ತೊಂದರೆಯೂ ಇದೆ: ‘ಅಧ್ಯಾಯ 3: ಕರಡು’ ಎಂಬಂತೆ ಹೆಸರಿನಲ್ಲಿ ವಿವರಣ ಚಿಹ್ನೆ ಬಂದರೆ ಲಿನಕ್ಸ್‌ನಿಂದ ಬರೆಯಬಹುದು, ವಿಂಡೋಸ್‌ನಲ್ಲಿ ತೆರೆಯಲಾಗದು. ‘ವಿಂಡೋಸ್_ನೇಮ್ಸ್’ ಆಯ್ಕೆ ಇಂಥ ಹೆಸರುಗಳನ್ನು ಆರಂಭದಲ್ಲೇ ತಡೆಯುತ್ತದೆ.

2021ರ ಅಕ್ಟೋಬರ್‌ನಲ್ಲಿ ಬಂದ ಲಿನಕ್ಸ್ 5.15ರಲ್ಲಿ ಎನ್‌ಟಿಎಫ್‌ಎಸ್3 ಎಂಬ ಹೊಸ ಚಾಲಕ ಕರ್ನಲ್‌ಗೇ ಸೇರಿತು. ಫ್ಯೂಸ್‌ನ ಸುತ್ತು ದಾರಿ ಇಲ್ಲದ್ದರಿಂದ ಅದು ಸ್ಪಷ್ಟವಾಗಿ ವೇಗವಾಗಿದೆ, ಜರ್ನಲ್‌ನ ದಾಖಲೆಯನ್ನು ಓದಿ ಜಾರಿಗೊಳಿಸಬಲ್ಲದು, ಸರಿಯಾಗಿ ಮುಚ್ಚದೆ ಅಶುದ್ಧವೆಂದು ಗುರುತಾದ ಡಿಸ್ಕನ್ನು ‘ಫೋರ್ಸ್’ ಆಯ್ಕೆ ಕೊಡದ ಹೊರತು ಮೌಂಟ್ ಮಾಡುವುದೂ ಇಲ್ಲ. ದೊಡ್ಡ ಸಂಗ್ರಹಗಳನ್ನು ಓದಿಕೊಳ್ಳಲು ಈಗ ಅದನ್ನೇ ಬಳಸುತ್ತೇನೆ. ವಿಂಡೋಸ್‌ಗೆ ಹಿಂದಿರುಗಬೇಕಾದ ಡಿಸ್ಕ್‌ಗಳಿಗೆ ಬರೆಯುವಾಗ, ದೀರ್ಘಕಾಲ ಪರೀಕ್ಷೆಗೆ ಒಳಗಾಗಿರುವ ಎನ್‌ಟಿಎಫ್‌ಎಸ್-3ಜಿಯನ್ನು ಬಿಡಲು ನನಗೆ ಮನಸ್ಸಿಲ್ಲ. ಎನ್‌ಟಿಎಫ್‌ಎಸ್ ಬದಲು ಎಕ್ಸ್‌ಫ್ಯಾಟ್ ಎಂಬ ಕಡತ ವ್ಯವಸ್ಥೆ ಹಾಕಿಕೊಳ್ಳಿ ಎಂದು ಸಲಹೆ ಕೊಡುವವರಿಗೆ ಒಂದೇ ಮಾತು: ಅದರಲ್ಲಿ ಜರ್ನಲ್ ಎಂಬುದೇ ಇಲ್ಲ.

ಖಾಯಂ ಆಗಿ ಜೋಡಿಸಿಡುವ ಡಿಸ್ಕಾದರೆ ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಡಿಸ್ಕಿನ ಗುರುತು ಸಂಖ್ಯೆಯಾದ ಯುಯುಐಡಿ ಬಳಸಿ, ‘ನೋಫೇಲ್’ ಆಯ್ಕೆ ಸೇರಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಡಿಸ್ಕ್ ಇಲ್ಲದ ದಿನ ಯಂತ್ರ ಬೂಟ್ ಆಗುವಾಗಲೇ ತಡೆದು ನಿಲ್ಲಬಹುದು. ಕಡತಗಳ ಒಡೆತನ ಮತ್ತು ಅನುಮತಿಗಳನ್ನು ಯುಐಡಿ, ಎಫ್‌ಮಾಸ್ಕ್, ಡಿಮಾಸ್ಕ್ ಆಯ್ಕೆಗಳ ಮೂಲಕ ಅಲ್ಲಿಯೇ ನಿಗದಿಪಡಿಸಿ, ಏಕೆಂದರೆ ಸಾಮಾನ್ಯ ಮೌಂಟ್‌ನಲ್ಲಿ ಅನುಮತಿ ಬದಲಿಸುವ ಸಿಎಚ್‌ಮೋಡ್ ಆದೇಶ ಏನೂ ಹೇಳದೆ ನಿಷ್ಫಲವಾಗುತ್ತದೆ.

ನನಗೆ ಉಳಿದಿರುವ ದೊಡ್ಡ ಅಸಮಾಧಾನ ತಪಾಸಣೆಯದು. ಎನ್‌ಟಿಎಫ್‌ಎಸ್-3ಜಿಯೊಂದಿಗೆ ಬರುವ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಸಾಧನ ಕೆಲವು ಮೂಲಭೂತ ದೋಷಗಳನ್ನು ಸರಿಪಡಿಸಿ, ಜರ್ನಲ್ ಖಾಲಿ ಮಾಡಿ, ಮುಂದಿನ ಬಾರಿ ವಿಂಡೋಸ್ ಪರೀಕ್ಷಿಸಲಿ ಎಂದು ಗುರುತು ಹಾಕುತ್ತದೆ, ಅಷ್ಟೇ. ವಿಂಡೋಸ್‌ನ ಚೆಕ್‌ಡಿಸ್ಕ್ ಮಾಡುವ ಸಮಗ್ರ ಪರೀಕ್ಷೆಗೆ ಅದು ಬದಲಿಯಲ್ಲ. ಡಿಸ್ಕ್ ಸಂಖ್ಯೆ ಹೆಚ್ಚಿರುವ ಯಾವುದೇ ಕಚೇರಿ ಇದೊಂದು ಕಾರಣಕ್ಕಾದರೂ ವಿಂಡೋಸ್ ಯಂತ್ರವೊಂದನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕಾಗುತ್ತದೆ.