ಯುಆರ್ಟ್ ಸಾಕಾ, ಎಸ್‌ಪಿಐ ಬೇಕಾ? ಎರಡೂ ಓಡಿಸಿ ನೋಡಿದ್ಮೇಲೆ ನಂಗನ್ಸಿದ್ದು

ಯುಆರ್ಟ್, ಎಸ್‌ಪಿಐ ಅಂದ್ರೆ ಚಿಪ್‌ಗಳು ವೈರ್ ಮೇಲೆ ಒಂದೊಂದೇ ಬಿಟ್ ಕಳಿಸಿ ಮಾತಾಡೋ ಎರಡು ವಿಧಾನ. ಡೇಟಾ ಲಾಗರ್ (ಅಳತೆಗಳನ್ನ ದಾಖಲಿಸೋ ಸಾಧನ) ಒಂದಕ್ಕೆ ಎರಡೂ ಹಾಕಿ ನೋಡ್ದೆ. ಸ್ಪೀಡ್ ವಿಷ್ಯದಲ್ಲಿ ಪೈಪೋಟಿನೇ ಇಲ್ಲ. ಯುಆರ್ಟ್‌ನಲ್ಲಿ 8 ಬಿಟ್ ಡೇಟಾ ಜೊತೆ ಸ್ಟಾರ್ಟ್ ಬಿಟ್ ಒಂದು, ಸ್ಟಾಪ್ ಬಿಟ್ ಒಂದು, ಒಟ್ಟು 10 ಬಿಟ್ ಹೋಗುತ್ತೆ, ಹಾಗಾಗಿ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ಅಂದ್ರೂ ಕೈಗೆ ಸಿಗೋದು ಸೆಕೆಂಡಿಗೆ 11520 ಬೈಟ್, ಒಂದು ಎಂಬಿ ದಾಟೋಕೆ ಒಂದೂವರೆ ನಿಮಿಷ. ಎಸ್‌ಪಿಐ ಕ್ಲಾಕ್ ಬರೀ 8 ಮೆಗಾಹರ್ಟ್ಸ್ ಇಟ್ರೂ ಅಷ್ಟು ಡೇಟಾ ಒಂದು ಸೆಕೆಂಡ್ ಚಿಲ್ರೆಯಲ್ಲಿ ಮುಗೀತು.

ಅಸಲಿ ವ್ಯತ್ಯಾಸ ಇರೋದು ಕ್ಲಾಕ್‌ನಲ್ಲಿ. ಯುಆರ್ಟ್‌ನಲ್ಲಿ ಎರಡೂ ಕಡೆಯವರು ತಂತಮ್ಮ ಗಡಿಯಾರ ನೋಡ್ಕೊಂಡು ಬಿಟ್ ಎಣಿಸ್ತಾರೆ, ಹತ್ತನೇ ಬಿಟ್ ಹೊತ್ತಿಗೆ ಅರ್ಧ ಬಿಟ್‌ನಷ್ಟು ಜಾರಿದ್ರೆ ಕಥೆ ಮುಗೀತು, ಅಂದ್ರೆ ಇಬ್ರದ್ದೂ ಸೇರಿ ಸುಮಾರು 5% ತಪ್ಪಿಗೆ ಮಾತ್ರ ಜಾಗ. 16 ಮೆಗಾಹರ್ಟ್ಸ್‌ನ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ 115200 ಬಾಡ್‌ಗೆ ಡಬಲ್ ಸ್ಪೀಡ್ ಮೋಡ್‌ನಲ್ಲೇ 2.1% ತಪ್ಪಿರುತ್ತೆ, ಡೇಟಾಶೀಟ್‌ನಲ್ಲೇ ಕೊಟ್ಟಿದ್ದಾರೆ. 250000 ಇಟ್ರೆ 16 ಮೆಗಾಹರ್ಟ್ಸ್ ಸರಿಯಾಗಿ ಭಾಗ ಆಗುತ್ತೆ, ತಪ್ಪು ಸೊನ್ನೆ. ಎರಡೂ ತುದಿ ನಮ್ಮದೇ ಆಗಿದ್ರೆ ನಾನು ಅದನ್ನೇ ಇಡೋದು.

ಎಸ್‌ಪಿಐನಲ್ಲಿ ಈ ತಲೆನೋವಿಲ್ಲ, ಮಾಸ್ಟರ್ (ಮಾತು ಶುರುಮಾಡೋ ಚಿಪ್) ಕ್ಲಾಕ್ ಕೊಡ್ತಾನೆ, ಎಡ್ಜ್ (ಕ್ಲಾಕ್ ಏರೋ ಇಲ್ಲಾ ಇಳಿಯೋ ಕ್ಷಣ) ಬಂದಾಗ ಬಿಟ್ ಓದೋದು ಅಷ್ಟೆ. ಆದ್ರೆ ವೈರ್ ಉದ್ದ ಆಗ್ತಾ ಹೋದ್ರೆ ಆ ಕ್ಲಾಕೇ ಸಮಸ್ಯೆ. ಯಾಕಂದ್ರೆ ಕ್ಲಾಕ್ ಚಿಪ್ ತನಕ ಹೋಗ್ಬೇಕು, ಚಿಪ್ ಉತ್ತರ ಹೊರಗಿಡೋಕೆ ಒಂಚೂರು ಹೊತ್ತು ತಗೊಳ್ಳುತ್ತೆ, ಆಮೇಲೆ ಡೇಟಾ ವಾಪಸ್ ಬರ್ಬೇಕು, ಒಂದು ಮೀಟರ್ ವೈರ್‌ಗೆ ಹೋಗಿಬರೋಕೆ ಸುಮಾರು 10 ನ್ಯಾನೋಸೆಕೆಂಡ್, ಆದ್ರೆ 40 ಮೆಗಾಹರ್ಟ್ಸ್‌ನಲ್ಲಿ ಮಾಸ್ಟರ್ ಕಾಯೋ ಅರ್ಧ ಕ್ಲಾಕ್ ಇರೋದೇ 12.5 ನ್ಯಾನೋಸೆಕೆಂಡ್. ವಿನ್‌ಬಾಂಡ್ ಡಬ್ಲ್ಯೂ25ಕ್ಯೂ128 ಫ್ಲ್ಯಾಶ್ ಮೆಮೊರಿ ಚಿಪ್‌ಗೆ ಹೀಗೆ ಐಡಿ (ಅದರ ಗುರುತಿನ ಸಂಖ್ಯೆ, ಹೆಕ್ಸ್‌ನಲ್ಲಿ) ಕೇಳಿದ್ರೆ ಇಎಫ್ 40 18 ಬರ್ಬೇಕಿತ್ತು, ಬಂದಿದ್ದು 77 ಎ0 0ಸಿ. ಬೈನರಿಲಿ ಬರೆದು ನೋಡಿ, ಅದೇ ಉತ್ತರ, ಒಂದು ಬಿಟ್ ಬಲಕ್ಕೆ ಜರುಗಿದೆ! ಕ್ಲಾಕ್ ಇಳಿಸಿದ ತಕ್ಷಣ ಸರಿಹೋಯ್ತು. ಐಡಿ ಓದೋದು ಇಷ್ಟು ಒಳ್ಳೆ ಟೆಸ್ಟ್ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಮೊದ್ಲು ಅದನ್ನ ಓದಿ ಆಮೇಲೆ ಬೇರೆ ಕೆಲ್ಸ ಶುರು ಮಾಡಿ.

ನಾಯ್ಸ್‌ನಲ್ಲೂ ಎರಡರ ಸ್ವಭಾವ ಬೇರೆ. ಕ್ಲಾಕ್ ಲೈನ್‌ನಲ್ಲಿ ಒಂದು ಸುಳ್ಳು ಎಡ್ಜ್ ಬಂದ್ರೆ ಚಿಪ್ ಸೆಲೆಕ್ಟ್ (ಯಾವ ಚಿಪ್ ಜೊತೆ ಮಾತು ಅಂತ ಆರಿಸೋ ಲೈನ್) ಮೇಲೆ ಹೋಗೋ ತನಕ ಮುಂದಿನ ಬಿಟ್ಟೆಲ್ಲ ಜರುಗಿರುತ್ತೆ, ಎಸ್‌ಪಿಐ ಬಾಯಿಬಿಟ್ಟು ಏನೂ ಹೇಳಲ್ಲ, ಅಕ್ನಾಲೆಜ್ (ತಲುಪ್ತು ಅನ್ನೋ ಉತ್ತರ) ಅನ್ನೋದೇ ಇಲ್ಲ. ಯುಆರ್ಟ್‌ನಲ್ಲಿ ಒಂದೆರಡು ಬೈಟ್ ಕೆಟ್ಟು ಮತ್ತೆ ಹೊಸ ಸ್ಟಾರ್ಟ್ ಬಿಟ್‌ಗೆ ಸರಿಯಾಗಿ ಕೂತ್ಕೊಳ್ಳುತ್ತೆ, ಎಷ್ಟೋ ಸಲ ಫ್ರೇಮಿಂಗ್ ಎರರ್ (ಸ್ಟಾಪ್ ಬಿಟ್ ಅದರ ಜಾಗದಲ್ಲಿ ಸಿಗ್ಲಿಲ್ಲ) ಅಂತ ಸುಳಿವೂ ಕೊಡುತ್ತೆ. ಉದ್ದ ಕೇಬಲ್ ಅಂದ್ರೆ ನನ್ನ ಓಟು ಯುಆರ್ಟ್ ಪ್ಲಸ್ ಆರ್‌ಎಸ್-485ಗೇ (ಸಿಗ್ನಲ್‌ನ ಜೋಡಿ ತಂತಿಯಲ್ಲಿ ದೂರ ಕಳಿಸೋ ಪದ್ಧತಿ).

ಉದ್ದ ದಾರಿಗೆ ಸಿಂಕ್ರೊನಸ್ (ಕ್ಲಾಕ್ ಜೊತೆಗೇ ಕಳಿಸೋ ವಿಧಾನ) ಆಗಲ್ಲ ಅಂತಲ್ಲ, ಕ್ಲಾಕನ್ನ ಡೇಟಾ ಒಳಗೇ ಸೇರಿಸ್ಬೇಕು. 10 ಎಂಬಿಪಿಎಸ್ ಈಥರ್ನೆಟ್ ಮ್ಯಾಂಚೆಸ್ಟರ್ ಕೋಡ್‌ನಲ್ಲಿ ಮಾಡಿದ್ದು ಅದನ್ನೇ, ಪ್ರತಿ ಬಿಟ್ ಮಧ್ಯದಲ್ಲೂ ಒಂದು ಬದಲಾವಣೆ ಇದ್ದೇ ಇರುತ್ತೆ, ರಿಸೀವರ್ ಅದನ್ನೇ ಹಿಡ್ಕೊಂಡು ಹೋಗುತ್ತೆ.

ಐ ಸ್ಕ್ವೇರ್ ಸಿ ಅನ್ನೋ ಇಂಥದ್ದೇ ಇನ್ನೊಂದು ವಿಧಾನದ ಬಗ್ಗೆನೂ ಕೇಳ್ತೀರಾ ಅಂತ ಗೊತ್ತು. ಎರಡೇ ವೈರ್, ಅಕ್ನಾಲೆಜ್ ಇದೆ, ನಿಧಾನದ ಸೆನ್ಸರ್‌ಗೆ ಸಾಕು. ಮಧ್ಯದಲ್ಲಿ ರೀಸೆಟ್ ಆಗಿ ಡೇಟಾ ಲೈನ್ ಕೆಳಗೇ ಸಿಕ್ಕಾಕ್ಕೊಂಡ್ರೆ ಕ್ಲಾಕ್ ಲೈನ್‌ಗೆ 9 ಪಲ್ಸ್ ಕೊಟ್ಟು ನೋಡಿ, ಸಾಮಾನ್ಯವಾಗಿ ಬಿಟ್ಕೊಡುತ್ತೆ.