ಪ್ರಶ್ನೆ ಕೇಳುವ ಮಕ್ಕಳಿಗೆ ಸ್ವಾಮಿಯವರ ಪುಸ್ತಕ

ಅಕ್ಕನ ಮಗ ಬೇಸಿಗೆ ರಜೆಗೆ ಮೈಸೂರಿಗೆ ನಮ್ಮನೆಗೆ ಬಂದಿದ್ದ. ಎಂಟನೇ ಕ್ಲಾಸು ಮುಗಿಸಿದ ಹುಡುಗ, ಬಾಯಿ ತೆರೆದರೆ ಪ್ರಶ್ನೆ. ಕಥೆ ಪುಸ್ತಕ ಕೊಟ್ಟರೆ ಅರ್ಧಕ್ಕೇ ಬಿಡುತ್ತಿದ್ದ. "ಇದೆಲ್ಲ ನಿಜಾನಾ ಚಿಕ್ಕಮ್ಮ?" ಅಂತ ಕೇಳುತ್ತಿದ್ದ. ಇವನಿಗೆ ಪ್ರಬಂಧವೇ ಸರಿ ಅನ್ನಿಸಿ ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಕೊಟ್ಟೆ. ಹೆಸರು ಓದಿಯೇ ನಕ್ಕುಬಿಟ್ಟ.

ಸ್ವಾಮಿ (1918–1980) ಸಸ್ಯವಿಜ್ಞಾನಿ, ಡಿವಿಜಿಯವರ ಮಗ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ನಾವು ದಿನಾ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿಯಂಥವು ಎಲ್ಲಿಂದ ಬಂದವು ಅನ್ನೋದನ್ನ ಎದುರಿಗೆ ಕೂತು ಹರಟೆ ಹೊಡೆದ ಹಾಗೆ ಹೇಳುತ್ತಾರೆ.

ಎರಡನೇ ದಿನ ಹುಡುಗ ಪುಸ್ತಕ ಹಿಡಿದು ಅಡುಗೆಮನೆಗೇ ಬಂದ. ಒಲೆ ಮೇಲೆ ಹುಳಿ ಕುದಿಯುತ್ತಿತ್ತು. ಅಮೆರಿಕಾದಿಂದ ಬಂದದ್ದನ್ನೆಲ್ಲ ಅದರಿಂದ ತೆಗೆಯುತ್ತಾ ಹೋದ. ಟೊಮೇಟೊ ತೆಗೆದ. ಆಲೂಗಡ್ಡೆ ತೆಗೆದ. ಬ್ಯಾಡಗಿ ಮೆಣಸಿನಕಾಯಿನೂ ತೆಗೆದ. ಎಲ್ಲ ಬಾಯಲ್ಲೇ! ಉಳಿದಿದ್ದು ಬೇಳೆ, ಹುಣಸೆಹಣ್ಣು, ಕೊತ್ತಂಬರಿ ಬೀಜ, ಕಾಯಿತುರಿ.

"ಹಾಗಾದ್ರೆ ಮುಂಚೆ ಖಾರಕ್ಕೆ ಏನು ಹಾಕ್ತಿದ್ರು?"

"ಕಾಳುಮೆಣಸು."

ಸ್ವಲ್ಪ ಹೊತ್ತು ಸುಮ್ನೆ ನಿಂತ. "ಓ, ಅದಕ್ಕೇ ಇದು ಮೆಣಸಿನಕಾಯಿ ಆಯ್ತಾ?" ಅಂದ. ಹೌದಲ್ವಾ! ಹೊಸದಾಗಿ ಬಂದ ಕಾಯಿಗೆ ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟಿದ್ದೇವೆ. ಪರಂಗಿಹಣ್ಣಿನ ಹೆಸರಲ್ಲೂ ಪರಂಗಿಯವರು ಕೂತಿದ್ದಾರೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಅಂತ ಅವನು ಪರೀಕ್ಷೆಗೆ ಉರು ಹೊಡೆದಿದ್ದ. ಕಾಳುಮೆಣಸು ಹುಡುಕಿಕೊಂಡು ಬಂದ ಆ ಪೋರ್ಚುಗೀಸರಿಂದಲೇ ಆಮೇಲೆ ಮೆಣಸಿನಕಾಯಿ ಇಲ್ಲಿಗೆ ಬಂತು ಅಂದಾಗ ಆ ಇಸವಿಗೆ ಜೀವ ಬಂತು.

ಹಾಲ್‌ನಲ್ಲಿ ಅವರೆಕಾಳು ಸುಲಿಯುತ್ತಿದ್ದ ಅಮ್ಮ ಅಲ್ಲಿಂದಲೇ ಅಂದರು, "ತಿಥಿ ಅಡುಗೆಗೆ ಇವತ್ತಿಗೂ ಮೆಣಸಿನಕಾಯಿ ಹಾಕಲ್ಲ ಕಣೋ, ಕಾಳುಮೆಣಸೇ. ಆಲೂಗಡ್ಡೆ, ಟೊಮೇಟೊನೂ ಇಲ್ಲ."

ನನಗೆ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷದಿಂದ ಆ ಅಡುಗೆ ಮಾಡಿದ್ದೇನೆ, ಯಾಕೆ ಹೀಗೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಗ ಅಜ್ಜಿ ಪಕ್ಕ ಹೋಗಿ ಕೂತ. ಇನ್ನೇನೇನು ಹಾಕಲ್ಲ ಅಂತ ಒಂದೊಂದೇ ಕೇಳಿ ನೋಟ್‌ಬುಕ್ಕಲ್ಲಿ ಬರೆದುಕೊಂಡ. ಪಟ್ಟಿಯಲ್ಲಿ ಎಲೆಕೋಸೂ ಸೇರಿತು. ಅದು ಅಮೆರಿಕಾದ್ದಲ್ಲ, ಯುರೋಪಿನಿಂದ ಬಂದಿದ್ದು. ಹಾಗಾದರೆ ಹೊರಗಿನದ್ದಕ್ಕೆಲ್ಲ ಬೇಡ ಅಂದಿದ್ದಾರಾ ಅಂತ ಅವನ ವಾದ ಶುರುವಾಯಿತು.

ಕೆಲವು ಕಡೆ ಸಸ್ಯಶಾಸ್ತ್ರದ ಹೆಸರುಗಳು ಜಾಸ್ತಿ, ಮಕ್ಕಳು ಹಾರಿಸಿ ಓದಲಿ ಬಿಡಿ. ಹದಿಮೂರು ದಾಟಿದವರು ಸ್ವಂತ ಓದಬಹುದು. ಚಿಕ್ಕವರಿಗೆ ನಾವೇ ಓದಿ ಹೇಳಬೇಕು.

ಸ್ವಾಮಿಯವರದ್ದು ಅಂದರೆ ಎಲ್ಲರೂ ಮೊದಲು 'ಹಸಿರು ಹೊನ್ನು' ಕೊಡುತ್ತಾರೆ. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ನನಗೆ ತುಂಬಾ ಇಷ್ಟ. ಆದರೆ ಅದು ಕಾಡಿಗೆ ಕರೆದೊಯ್ಯುತ್ತದೆ, ಗೊತ್ತಿಲ್ಲದ ಗಿಡಗಳೇ ಹೆಚ್ಚು. ಮೊದಲು ತಟ್ಟೆಯಿಂದ ಶುರುವಾಗಲಿ, ಕಾಡು ಆಮೇಲೆ. ಪುಸ್ತಕವನ್ನು ಮೊದಲ ಪುಟದಿಂದಲೇ ಓದಬೇಕು ಅಂತೇನಿಲ್ಲ. ಅವತ್ತು ಮನೆಯಲ್ಲಿ ಏನು ಅಡುಗೆಯೋ ಆ ಕಾಯಿಯ ಪುಟ ತೆರೆದು ಕೊಡಿ.