ಬಳ್ಳಾರಿ ಬಿಸಿಲಲ್ಲಿ ಚೇಳಿನ ಗುರುತಿನ ಪುಂಟೊ

ನನ್ನ ಗಾಡಿ ನೋಡಿದವರು ಕೇಳೋದು ಎರಡೇ. "ಎಷ್ಟು ಕೊಡ್ತೈತಣ್ಣ?" ಆಮೇಲೆ, "ಇದ್ಯಾಕೆ ಚೇಳು?" ಎರಡಕ್ಕೂ ಮೊದಲೇ ಉತ್ತರ ಕೊಟ್ಟುಬಿಡ್ತೀನಿ. ತೋರಣಗಲ್ಲು ರಸ್ತೇಲಿ ಲೀಟರಿಗೆ ಹದಿಮೂರು ಕಿಲೋಮೀಟರ್, ಊರೊಳಗೆ ಒಂಬತ್ತು, ಹತ್ತು. ಚೇಳು ಅಬಾರ್ತ್ ಕಂಪನಿಯ ಗುರುತು, ಈಗ ಅದು ಫಿಯೆಟ್‌ನ ಜೋರು ಗಾಡಿಗಳ ಬ್ರ್ಯಾಂಡು. 1949ರಲ್ಲಿ ಅದನ್ನ ಕಟ್ಟಿದ ಕಾರ್ಲೊ ಅಬಾರ್ತ್ ಅವರದು ವೃಶ್ಚಿಕ ರಾಶಿ, ಅಷ್ಟೇ ಕತೆ.

ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 2016ರ ಅಬಾರ್ತ್ ಪುಂಟೊ. 2015ರ ಅಕ್ಟೋಬರಿನಲ್ಲಿ ಫಿಯೆಟ್ ಇದನ್ನ ಮಾರುಕಟ್ಟೆಗೆ ಬಿಟ್ಟಾಗ ದೆಹಲಿ ಎಕ್ಸ್-ಶೋರೂಂ ಬೆಲೆ 9.95 ಲಕ್ಷ. 1.4 ಲೀಟರ್ ಪೆಟ್ರೋಲ್ ಎಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬೋ ಟರ್ಬೊ, 145 ಕುದುರೆ ಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕ್, ಐದು ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆ ದುಡ್ಡಿಗೆ ಅಷ್ಟು ಶಕ್ತಿ ಬೇರೆ ಯಾರೂ ಕೊಡ್ತಿರಲಿಲ್ಲ.

ನಂದು ಶಿಫ್ಟ್ ಕೆಲಸ, ತೋರಣಗಲ್ಲು ಕಡೆ. ಕುಡಿತಿನಿ ದಾಟೋವರೆಗೂ ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ. ಈ ರಸ್ತೇಲಿ ಬೇಕಾಗೋದು ನೂರೈವತ್ತರ ವೇಗ ಅಲ್ಲ, ನಲವತ್ತರಿಂದ ಎಂಬತ್ತಕ್ಕೆ ತಟಕ್ಕನೆ ಏರೋ ದಮ್ಮು. ಮೂರನೇ ಗೇರಿಗೆ ಹಾಕಿ ಒತ್ತಿದರೆ, ಎರಡು ಸಾವಿರ ಆರ್‌ಪಿಎಂ ದಾಟುತ್ತಿದ್ದಂತೆ ಟರ್ಬೊ ಹಿಡಿಯುತ್ತೆ, ಲಾರಿ ಹಿಂದೆ ಉಳಿಯುತ್ತೆ. ಎದುರಿನಿಂದ ಬಸ್ಸು ಬರೋಕೆ ಮುಂಚೆ ನಮ್ಮ ಸಾಲಿಗೆ ವಾಪಸ್. ಹೈಡ್ರಾಲಿಕ್ ಸ್ಟಿಯರಿಂಗ್ ಆಗಿರೋದರಿಂದ ರಸ್ತೆ ಏನು ಹೇಳ್ತಿದೆ ಅನ್ನೋದು ಅಂಗೈಗೇ ಗೊತ್ತಾಗುತ್ತೆ. ಪಾರ್ಕಿಂಗ್ ಮಾಡೋವಾಗ ಮಾತ್ರ ತೋಳಿಗೆ ಕೆಲಸ.

ತಗೊಳ್ಳೋಕೆ ಮುಂಚೆ ಬೇರೆಯವನ್ನೂ ನೋಡಿದ್ದೆ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಓಡಿಸೋಕೆ ಬೆಣ್ಣೆ. ಆದರೆ ಹಳೇ 1.2 ಲೀಟರ್ ಎಂಜಿನ್ನಿನದಕ್ಕಿರೋದು ಡ್ರೈ ಕ್ಲಚ್ಚಿನ, ಅಂದರೆ ಕ್ಲಚ್ಚನ್ನ ಎಣ್ಣೆ ತಣಿಸದ, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಬಿಸಿಲಲ್ಲಿ ಇಂಚಿಂಚೇ ಸರಿಯೋ ಟ್ರಾಫಿಕ್ ಆ ಗೇರ್‌ಬಾಕ್ಸಿಗೆ ಆಗಿಬರಲ್ಲ. ನಮ್ಮಲ್ಲಿ ರೈಲ್ವೆ ಗೇಟು, ಮೋತಿ ಸರ್ಕಲ್ಲು ಎಲ್ಲಾ ಅದೇ ತಾನೇ. ಮಾರುತಿ ಬಲೆನೊ ಆರ್‌ಎಸ್ 102 ಕುದುರೆ ಶಕ್ತಿಯದು. ಬಿಡಿಭಾಗದ ಚಿಂತೆ ಕಡಿಮೆ, ಮನೆಯವರಿಗೂ ಒಪ್ಪಿಗೆ. ಮನೇಲಿ ಇರೋದು ಒಂದೇ ಗಾಡಿ ಅನ್ನೋರಿಗೆ ನಾನು ಅದನ್ನೇ ಹೇಳ್ತೀನಿ, ಪುಂಟೊ ಅಲ್ಲ.

ಯಾಕಂದರೆ ಫಿಯೆಟ್ ಭಾರತದಲ್ಲಿ ಕಾರು ಮಾರೋದನ್ನ 2019ರಲ್ಲೇ ನಿಲ್ಲಿಸಿಬಿಡ್ತು. ಇದರಲ್ಲೊಂದು ತಮಾಷೆ ಇದೆ. ಹಳೇ ಸ್ವಿಫ್ಟ್ ಡೀಸೆಲ್‌ನಲ್ಲಿ, ಇಂಡಿಕಾ ವಿಸ್ಟಾದಲ್ಲಿ ಇದ್ದದ್ದು ಫಿಯೆಟ್‌ನದೇ 1.3 ಡೀಸೆಲ್ ಎಂಜಿನ್. ಅದನ್ನ ಕೌಲ್ ಬಜಾರಿನ ಯಾವ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚಿ ಕಟ್ತಾರೆ. ಆದರೆ ಈ ಪೆಟ್ರೋಲ್ ಟರ್ಬೊ ಬಾನೆಟ್ ತೆಗೆದರೆ, "ಸರ್, ಇದು ಬೇರೆ ಐತಲ್ಲ" ಅಂತ ಕೈ ಒರೆಸಿಕೊಳ್ತಾರೆ. ಬ್ರೇಕ್ ಪ್ಯಾಡು, ಸಸ್ಪೆನ್ಷನ್ ಬುಷ್ಷು ಅಂಥವು ಹೇಗೋ ಸಿಗ್ತವೆ, ಎಂಜಿನ್ ಸಾಮಾನು ತರಿಸಬೇಕು. ಅವು ಬರೋವರೆಗೂ ಕೆಲಸಕ್ಕೆ ಹೋಗೋಕೆ ನನಗೆ ಆಕ್ಟಿವಾ ಇದೆ, ಕಂಪನಿ ಬಸ್ಸೂ ಇದೆ.

ಇನ್ನು ಧೂಳು. ಬಳ್ಳಾರಿಯವರಿಗೆ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಇಂಥ ಗಾಡಿಗಳನ್ನ ಸಾಮಾನ್ಯವಾಗಿ ಹುಡುಗರು ಇಟ್ಟುಕೊಂಡಿರ್ತಾರೆ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕ್ಸಿರ್ತಾರೆ, "ಫ್ರೀ ಉಸಿರಾಡುತ್ತೆ ಸರ್" ಅಂತ. ಗಾಳಿ ಸರಾಗ ಬರೋ ಕಡೆ ಸಣ್ಣ ಧೂಳೂ ಬರುತ್ತೆ. ನಮ್ಮ ರಸ್ತೆಯದು ಕಬ್ಬಿಣದ ಅದಿರಿನ ಧೂಳು, ನುಣ್ಣಗೆ ಕುಂಕುಮದ ಥರ. ನಿಮಿಷಕ್ಕೆ ಲಕ್ಷ ಸುತ್ತು ದಾಟೋ ಟರ್ಬೊದ ರೆಕ್ಕೆಗೆ ಅದು ಉಜ್ಜಿದರೆ ಏನು ಉಳಿಯುತ್ತೆ? ಗಾಡಿ ಕೈಗೆ ಬಂದ ತಕ್ಷಣ ನಾನು ಆ ಹತ್ತಿಯ ಫಿಲ್ಟರ್ ಕಿತ್ತು ಕಂಪನಿಯ ಕಾಗದದ ಫಿಲ್ಟರೇ ಹಾಕಿಸಿದೆ. ಪ್ರತಿ ತಿಂಗಳು ಕ್ಲಿಪ್ಪು ಬಿಚ್ಚಿ ನೋಡ್ತೀನಿ. ಮಡಿಕೆ ಮಡಿಕೆಯಲ್ಲೂ ಕೆಂಪು ಗೆರೆ ಕೂತಿರುತ್ತೆ. ನೆಲಕ್ಕೆ ತಟ್ಟಿದರೆ ಪುಡಿ ಗುಡ್ಡೆಯಾಗುತ್ತೆ. ಸರ್ವಿಸ್ ಪುಸ್ತಕದಲ್ಲಿ ಬರೆದ ಲೆಕ್ಕಕ್ಕೆ ಕಾಯಲ್ಲ, ಅರ್ಧಕ್ಕೇ ಬದಲಾಯಿಸ್ತೀನಿ. ಎಂಜಿನ್ ಆಯಿಲ್ಲೂ ಹಾಗೇ.

ಏಪ್ರಿಲ್, ಮೇ ಮಧ್ಯಾಹ್ನ ಟರ್ಬೊ ಸ್ವಲ್ಪ ಸಪ್ಪೆ ಅನ್ನಿಸುತ್ತೆ. ಒಳಗೆ ಹೋಗೋ ಗಾಳಿಯೇ ಬೆಂಕಿ ಆದಾಗ ಎಂಜಿನ್ ತಾನಾಗೇ ತಗ್ಗುತ್ತೆ, ಅದು ದೋಷ ಅಲ್ಲ. ಎಸಿ ಮಾತ್ರ ಭರ್ಜರಿ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20% ಎಥನಾಲ್. ಈ ಕಾಲದ ಗಾಡಿ ಅದಕ್ಕಂತ ಮಾಡಿದ್ದಲ್ಲ. ಪೆಟ್ರೋಲ್ ಪೈಪು, ರಬ್ಬರ್ ಸೀಲು ಬೆವರ್ತಿವೆಯಾ ಅಂತ ಸರ್ವಿಸ್‌ಗೆ ಬಿಟ್ಟಾಗೆಲ್ಲಾ ನೋಡಿಸಿ.

ಗ್ರೌಂಡ್ ಕ್ಲಿಯರೆನ್ಸ್ 155 ಮಿಲಿಮೀಟರ್. ಬಣ್ಣ ಇಲ್ಲದ, ಬೋರ್ಡ್ ಇಲ್ಲದ ನಮ್ಮ ಹಂಪುಗಳಿಗೆ ಸಾಲದು. ಒಬ್ಬನೇ ಇದ್ದರೆ ಓರೆ ಹಿಡಿದು ದಾಟಬಹುದು. ಐದು ಜನ ಕೂತರೆ ಕೆಳಗೆ ಕರ್ ಅನ್ನುತ್ತೆ. ಎಡಗಾಲಿಗೆ ಜಾಗ ಕಿರಿದು, ಹಿಂದಿನ ಸೀಟು ಇಕ್ಕಟ್ಟು. ಹೊಸಪೇಟೆಗೆ ಮದುವೆಗೆ ಹೋಗಿ ಬಂದ ನಮ್ಮಮ್ಮ ಇಳಿದ ಮೇಲೆ ಹೇಳಿದ್ದು, "ಮುಂದಿನ ಸಲ ನಾನು ಬಸ್ಸಿಗೆ ಬರ್ತೀನಪ್ಪ."

ತಗೊಳ್ಳೋರಿದ್ದರೆ ಕರ್ನಾಟಕದ ನಂಬರಿನದೇ ನೋಡಿ. ಹೈದರಾಬಾದಿನಲ್ಲೋ ಪುಣೆಯಲ್ಲೋ ಅಗ್ಗಕ್ಕೆ ಕಂಡರೂ ಇಲ್ಲಿ ಬಳ್ಳಾರಿಯ ಕೆಎ-34 ನಂಬರು ಮಾಡಿಸೋವಾಗ ರಸ್ತೆ ತೆರಿಗೆ ಮತ್ತೆ ಕಟ್ಟಬೇಕು, ಉಳಿಸಿದ್ದೆಲ್ಲಾ ಅಲ್ಲೇ ಹೋಗುತ್ತೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯ್ತು ಅಂತ ಬಿಲ್ ಕೇಳಿ. ನಿಂತ ಗಾಡಿಯಲ್ಲೂ ಬೆಲ್ಟಿಗೆ ವಯಸ್ಸಾಗುತ್ತೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆಮೇಲೆ ಖಾಲಿ ರಸ್ತೆಗೆ ತಗೊಂಡು ಹೋಗಿ ನಾಲ್ಕನೇ ಗೇರಲ್ಲಿ ಎರಡು ಸಾವಿರ ಆರ್‌ಪಿಎಂನಿಂದ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ, ಬಹುಶಃ ಎಂಜಿನ್ ಕಂಪ್ಯೂಟರಿನ ಲೆಕ್ಕ ತಿದ್ದಿ ಶಕ್ತಿ ಏರಿಸೋ ರೀಮ್ಯಾಪ್ ಮಾಡಿಸಿ ಚೆನ್ನಾಗಿ ಬಾರಿಸಿದ್ದಾರೆ. "ರೀಮ್ಯಾಪ್ ತೆಗೆಸಿ ಕೊಡ್ತೀನಿ ಸರ್" ಅಂತ ಅವರು ಅಂದರೂ ಕ್ಲಚ್ಚಿನ ದುಡ್ಡು ಮುರಿದುಕೊಂಡೇ ರೇಟು ಮಾತಾಡಿ.